ಆರೂ ಹತ್ತರ ಬಸ್ಸಿನ ಹಾಡು

ನಮ್ಮ ಆಫೀಸಿನಲ್ಲಿ ಗಡಿಯಾರ ನೋಡುವ ಅಗತ್ಯವಿಲ್ಲ. ಯಾರು ಏನನ್ನು ಗುನುಗುತ್ತಿದ್ದಾರೆ ಎಂದು ಕಿವಿಗೊಟ್ಟರೆ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ಕಾರ್ಡು ತೋರಿಸುವಾಗ ಎಲ್ಲರ ಬಾಯಲ್ಲೂ ರಿಕ್ಷಾದಲ್ಲಿ ಕೇಳಿದ ದೇವರ ಹಾಡಿನ ಬಾಲ ಇರುತ್ತದೆ. ಹನ್ನೊಂದರ ಚಹಾಕ್ಕೆ ಹೊಸ ಸಿನಿಮಾದ ಹಾಡು. ಒಂದು ಗಂಟೆಗೆ ಡಬ್ಬಿ ತೆರೆಯುತ್ತೇವೆ, ಆಗ ಹಾಡಿಲ್ಲ. ಮೂರಕ್ಕೆ ಹಳೆಯ ಹಿಂದಿ ಹಾಡುಗಳು, ಅದೂ ದುಃಖದವು. ಊಟವಾದ ಮೇಲೆ ಎಲ್ಲರಿಗೂ ತಮ್ಮನ್ನು ಯಾರೋ ಬಿಟ್ಟು ಹೋದಂತೆ ಅನಿಸುತ್ತದೆ. ಐದೂವರೆಗೆ ಮದುವೆ ಮೆರವಣಿಗೆಯ ಹಾಡು ಶುರುವಾಗುತ್ತದೆ, ಚೀಲದ ಜಿಪ್ಪುಗಳು ತಾಳ ಹಾಕುತ್ತವೆ. ಐದೂ ಐವತ್ತಕ್ಕೆ ಎಲ್ಲ ಒಮ್ಮೆಲೇ ಬಂದ್.

ಯಾಕೆಂದರೆ ಐದೂ ಐವತ್ತಕ್ಕೆ ಪ್ರಲ್ಹಾದ ಸರ್ ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬರುತ್ತಾರೆ.

ಅವರು ನಮ್ಮ ವಿಭಾಗದ ಮ್ಯಾನೇಜರು, ನಾಗಪುರದವರು. ಒಳ್ಳೆಯ ಮನುಷ್ಯ ಎಂದು ಧೈರ್ಯವಾಗಿ ಹೇಳಬಲ್ಲೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂ ನಲವತ್ತೊಂಬತ್ತರ ತನಕ. ಆಮೇಲೆ ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ, ಮೇಜುಗಳ ನಡುವೆ ನಿಧಾನ ನಡೆದು ಬಂದು, ಯಾರಾದರೊಬ್ಬರ ಕುರ್ಚಿಯ ಹಿಂದೆ ನಿಲ್ಲುತ್ತಾರೆ. "ಫಕ್ತ ಪಾಚ ಮಿನಿಟ" ಎನ್ನುತ್ತಾರೆ. ಐದೇ ನಿಮಿಷ. ಆ ಐದು ನಿಮಿಷ ಏಳೂವರೆಗೆ ಮುಗಿಯುತ್ತದೆ. ಪುಣೆಯ ಈ ತುದಿಯ ಮಗರಪಟ್ಟಾದಿಂದ ಆ ತುದಿಯ ಕೋಥರೂಡಿಗೆ ಹೋಗುವ ಕಂಪನಿ ಬಸ್ಸು ಆರೂ ಹತ್ತಕ್ಕೇ ಹೋಗಿಬಿಟ್ಟಿರುತ್ತದೆ. ಉಳಿದವರು ಸ್ವಾರಗೇಟಿನಲ್ಲಿ ಸಿಟಿ ಬಸ್ಸು ಬದಲಿಸಿ, ನಿಂತುಕೊಂಡೇ ಮನೆ ಸೇರಬೇಕು.

ನನ್ನ ಕೆಲಸ ಪತ್ರ ಬರೆಯುವುದು. ನಮ್ಮ ಕಂಪನಿ ಫ್ರಿಜ್ಜು, ವಾಷಿಂಗ್ ಮಷೀನುಗಳನ್ನು ರಿಪೇರಿ ಮಾಡಿಸಿಕೊಡುತ್ತದೆ. ಮಾಡಿಸಿಕೊಡದಿದ್ದಾಗ ನಾನು ಪತ್ರ ಬರೆಯುತ್ತೇನೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಎಂದು. ಕ್ಷಮೆ ಕೇಳುತ್ತೇವೆ ಎಂದು ಎಂದೂ ಬರೆಯುವಂತಿಲ್ಲ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ. ವಿಷಾದಕ್ಕೆ ಆ ಅಪಾಯವಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಈ ಎರಡು ಪದಗಳ ಅಂತರದಲ್ಲಿ ನಾನು ಸಂಸಾರ ಹೂಡುತ್ತೇನೆ ಎಂದು ಯಾರೂ ಹೇಳಿರಲಿಲ್ಲ.

ಎರಡು ವರ್ಷದಿಂದ ನಾನು ಕಂತ್ರಾಟಿನ ಮೇಲೆ ಇದ್ದೆ. ಕಾಯಂ ಆದವರ ಕಾರ್ಡಿಗೆ ನೀಲಿ ಪಟ್ಟಿ, ನಮ್ಮದಕ್ಕೆ ಹಳದಿ. ನಿಯಮ ಸ್ಪಷ್ಟವಾಗಿತ್ತು: ಎರಡು ವರ್ಷ ತುಂಬುವಷ್ಟರಲ್ಲಿ ನೀಲಿ ಬರಬೇಕು, ಇಲ್ಲದಿದ್ದರೆ ಮನೆಗೆ. ನನ್ನ ಎರಡು ವರ್ಷ ಈ ಮಾರ್ಚಿ ಮೂವತ್ತೊಂದಕ್ಕೆ ತುಂಬುವುದಿತ್ತು. ಶಿಫಾರಸು ಮಾಡಬೇಕಾದವರು ಪ್ರಲ್ಹಾದ ಸರ್. ಹಾಗಾಗಿ ಅವರು ನನ್ನ ಕುರ್ಚಿಯ ಹಿಂದೆ ನಿಂತಾಗಲೆಲ್ಲ ನಾನು ನಗುತ್ತ "ಹೋ ಸರ್", ಆಗಲಿ ಸರ್, ಅನ್ನುತ್ತಿದ್ದೆ.

ಜನವರಿಯ ಒಂದು ಮಂಗಳವಾರ ಅವರು ಹಾಗೆ ಬಂದು ನಿಂತು, ಬಾಯಿ ತೆರೆಯುವಷ್ಟರಲ್ಲಿ ಅವರ ಫೋನು ರಿಂಗಾಯಿತು. ಅವರು ಕೋಣೆಗೆ ಓಡಿದರು. ನಾನು ಮೆಟ್ಟಿಲಿಗೆ ಓಡಿದೆ. ಬಸ್ಸಿನ ಬಾಗಿಲು ಮುಚ್ಚುವಾಗ ನನ್ನ ಚೀಲದ ಬಾಯಿ ತೆರೆದೇ ಇತ್ತು. ಡಬ್ಬಿಯ ಮುಚ್ಚಳ ಎಲ್ಲಿ ಬಿತ್ತೋ ಇವತ್ತಿಗೂ ತಿಳಿದಿಲ್ಲ.

ನಮ್ಮ ಬಸ್ಸಿನಲ್ಲಿ ದಿನಾ ಅಂತ್ಯಾಕ್ಷರಿ. ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ಪಂದ್ಯ. ವಾರದಲ್ಲಿ ಹೆಚ್ಚು ಸೋತವರು ಶುಕ್ರವಾರ ಇಡೀ ಬಸ್ಸಿಗೆ ವಡಾಪಾವ ತರಬೇಕು. ಹಿಂದಿನವರಿಗೆ ಸ್ವಪ್ನಿಲ್ ನಾಯಕ. ಬಿಡಿಭಾಗಗಳ ವಿಭಾಗದ ಹುಡುಗ, ತನಗೆ ಸೀಟಿದ್ದರೂ ಕೋಥರೂಡಿನ ತನಕ ನಿಂತೇ ಹಾಡುವವನು. ನಾನು ಹಿಂದಿನ ಅರ್ಧದ ಕಿಟಕಿ ಪಕ್ಕದವಳು. ಎರಡು ವರ್ಷದಲ್ಲಿ ಒಂದು ಸಾಲೂ ಹಾಡಿರಲಿಲ್ಲ. ನನಗೆ ಬರುವ ಹಾಡುಗಳ ಮೊದಲ ಸಾಲು ನನಗೆ ಖಾತ್ರಿ ಇರುವುದಿಲ್ಲ, ಖಾತ್ರಿ ಇಲ್ಲದ್ದನ್ನು ನಾನು ಬಾಯಿ ಬಿಟ್ಟು ಹೇಳುವುದಿಲ್ಲ.

ಆ ಸಂಜೆ ಮುಂದಿನವರು ಬೇಕೆಂತಲೇ 'ಮೇಘ' ಎಂದು ಮುಗಿಯುವ ಹಾಡು ಹಾಡಿದರು. ನಮಗೆ ಬಂದದ್ದು ಘ. ಘೂಂಘಟ್ ಎಂಬ ಸೆರಗಿನ ಹಾಡು, ಘುಂಘ್ರೂ ಎಂಬ ಗೆಜ್ಜೆಯ ಹಾಡು, ಘರ್ ಎಂಬ ಮನೆಯ ಹಾಡು ಎಲ್ಲ ಸೋಮವಾರವೇ ತೀರಿದ್ದವು. ಮುಂದಿನವರು ಸೀಟಿನ ಬೆನ್ನು ಬಡಿಯುತ್ತ ಹತ್ತರಿಂದ ಕೆಳಗೆ ಎಣಿಸತೊಡಗಿದರು. ಆರು, ಐದು, ನಾಲ್ಕು. ಸ್ವಪ್ನಿಲ್ ತಲೆಯ ಮೇಲೆ ಕೈ ಹೊತ್ತಿದ್ದ. ನನಗೆ ಇನ್ನೂ ಏದುಸಿರು. ಸಿಟ್ಟು ಬೇರೆ. ಎರಡು ಎನ್ನುವಾಗ ನನ್ನ ಬಾಯಿಂದ ಇದು ಹೊರಗೆ ಬಿತ್ತು:

ಘಂಟಿ ಒಂಬತ್ತಕ ಬಾ ಅಂದಿ, ಬಂದೆನಲ್ಲೊ
ಘಂಟಿ ಆರಾತು, ಬಿಡವಲ್ಲಿ ಯಾಕಲ್ಲೊ
ಐದ ನಿಮಿಷ, ಐದ ನಿಮಿಷ, ಅಂತೀಯಲ್ಲೊ
ನಿನ್ನ ಐದ ನಿಮಿಷಕ್ಕ ಗಡ್ಡ ಬಂತಲ್ಲೊ!

ಎಣಿಕೆ ಅಲ್ಲೇ ನಿಂತಿತು. ಆಮೇಲೆ ಸ್ವಪ್ನಿಲ್ ಬಗ್ಗಿ, ಮರಾಠಿಯಲ್ಲಿ ನನ್ನನ್ನು ಅಕ್ಕ ಎಂದು ಕರೆದು, ಕೇಳಿದ: "ಮುಕ್ತಾ ತಾಈ, ಇದು ಸಿನಿಮಾದ್ದಾ?"

ನಮ್ಮಲ್ಲಿ ಯಾವ ಭಾಷೆಯ ಹಾಡಾದರೂ ನಡೆಯುತ್ತದೆ, ಸಿನಿಮಾದ್ದೇ ಆಗಿರಬೇಕು.

"ಸಿನಿಮಾದ್ದೇ," ಎಂದೆ.

"ಖರಂಚ?"

"ಖರಂಚ," ಎಂದೆ. ನಿಜವಾಗಿಯೂ, ಎಂದು.

ನಾನು ಸುಳ್ಳು ಹೇಳುವವಳಲ್ಲ. ಬೇಕಾದರೆ ನನ್ನ ಪತ್ರಗಳನ್ನು ತೆಗೆದು ನೋಡಿ, ಒಂದರಲ್ಲೂ ಸುಳ್ಳಿಲ್ಲ. ನಿಜವೂ ಅಷ್ಟಾಗಿ ಇಲ್ಲ, ಅದು ಬೇರೆ ಮಾತು. ಆದರೆ ಅವತ್ತು ಹಿಂದಿನ ಅರ್ಧ ಬಸ್ಸು ಎದ್ದು ಕುಣಿಯಿತು. ಎರಡು ವರ್ಷದಲ್ಲಿ ನನ್ನ ಹೆಸರು ಸರಿಯಾಗಿ ಗೊತ್ತಿಲ್ಲದವರೆಲ್ಲ "ತಾಈ, ಮತ್ತೊಮ್ಮೆ!" ಎಂದರು. ಮತ್ತೊಮ್ಮೆ ಹಾಡಿದೆ. ಮೂರನೆಯ ಸಲಕ್ಕೆ ಮುಂದಿನವರೂ "ಲ್ಲೊ" ಎಂದು ಕೂಗತೊಡಗಿದರು. ಡ್ರೈವರು ಸಿಗ್ನಲಿನಲ್ಲಿ ಹಾರ್ನಿನಿಂದ ತಾಳ ಹಾಕಿದ.

"ಅರ್ಥ ಏನು ತಾಈ?"

"ಪ್ರೇಮಗೀತೆ. ನಾಯಕಿ ಗುಡಿಯ ಹತ್ತಿರ ಕಾಯ್ತಾಳೆ. ಗುಡಿಯ ಘಂಟೆ ಬಾರಿಸುತ್ತೆ."

"ನಾಯಕ?"

"ಬರೋದಿಲ್ಲ."

"ಅರೇರೇ," ಎಂದಿತು ಇಡೀ ಬಸ್ಸು.

ಸಿನಿಮಾದ ಹೆಸರೇನು ಎಂದರು. ಕಪ್ಪು ಬಿಳುಪಿನದು, ಹೆಸರು ನೆನಪಿಲ್ಲ ಎಂದೆ. ಸ್ವಪ್ನಿಲ್ ಮರುದಿನ ಫೋನಿನಲ್ಲಿ ಹುಡುಕಿ, ಎಲ್ಲೂ ಸಿಗಲಿಲ್ಲ ಎಂದಾಗ ಅದರ ರೀಲುಗಳು ಸುಟ್ಟುಹೋದವು ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಸುಳ್ಳಿಗೆ ಇಷ್ಟು ಬೇಗ ಸಂತಾನವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಧಾಟಿ ನನಗೆ ಎಲ್ಲಿಂದ ಬಂತು ಎಂಬುದೂ ಮರುದಿನವೇ ತಿಳಿಯಿತು. ಗ್ರಾಹಕರು ಫೋನು ಮಾಡಿದಾಗ ನಾವು ಅವರನ್ನು ಹೋಲ್ಡಿನಲ್ಲಿ ಇಡುತ್ತೇವಲ್ಲ, ಆಗ ಒಂದು ಸಂಗೀತ ಕೇಳಿಸುತ್ತದೆ, ಟಿಂ ಟಿಂ ಟಿಟಿಂ ಟಿಂ. ಅದೇ! ಅಷ್ಟು ಬೇಗ ಎಲ್ಲರ ನಾಲಿಗೆಗೆ ಹತ್ತಿದ್ದು ಸುಮ್ಮನೆ ಅಲ್ಲ. ದಿನಕ್ಕೆ ಇನ್ನೂರು ಸಲ ಕೇಳಿದ ಧಾಟಿ.

ಒಂದು ವಾರದಲ್ಲಿ ನನ್ನ ಹಾಡಿನ ಗಡಿಯಾರ ಕೆಟ್ಟುಹೋಯಿತು. ಒಂಬತ್ತಕ್ಕೂ ಅದೇ ಹಾಡು, ಹನ್ನೊಂದಕ್ಕೂ ಅದೇ, ಮೂರಕ್ಕೂ ಅದೇ. ಸೆಕ್ಯುರಿಟಿಯವನು ಗುನುಗುತ್ತಿದ್ದ. ಲಿಫ್ಟಿನಲ್ಲಿ ಬೇರೆ ಕಂಪನಿಯವರು ಗುನುಗುತ್ತಿದ್ದರು. ಒಂದು ಸಂಜೆ, ಐದೂ ಐವತ್ತಕ್ಕೆ, ಪ್ರಲ್ಹಾದ ಸರ್ ಕನ್ನಡಕ ಒರೆಸುತ್ತ ಹೊರಗೆ ಬಂದರು. ಅವರ ಬಾಯಲ್ಲಿ ಮೆಲ್ಲಗೆ, ಶ್ರುತಿ ಶುದ್ಧವಾಗಿ: "ಐದ ನಿಮಿಷ, ಐದ ನಿಮಿಷ..."

ನಾನು ಮೇಜಿನ ಕೆಳಗೆ ಬಗ್ಗಿ, ಬೀಳದೇ ಇದ್ದ ಪೆನ್ನನ್ನು ಬಹಳ ಹೊತ್ತು ಹುಡುಕಿದೆ.

ಇಡೀ ಆಫೀಸಿನಲ್ಲಿ ಹಾಡು ಅರ್ಥವಾದದ್ದು ಒಬ್ಬರಿಗೇ. ಶರಣಮ್ಮ ಯಾದಗಿರಿ ಕಡೆಯವಳು, ಯೆರವಡಾದಲ್ಲಿ ಮನೆ, ನಮ್ಮ ಮಹಡಿಯ ಚಹಾ ಕಪ್ಪು ಮತ್ತು ನೆಲ ಅವಳ ಪಾಲಿಗೆ. ಒಂದು ದಿನ ನಾನು ಡಬ್ಬಿ ತೊಳೆಯಲು ಹೋದಾಗ ಅವಳು ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

"ಅಕ್ಕಾರ, ಖರೇ ಹೇಳ್ರಿ. ಆ ಹಾಡ ಕಟ್ಟಿದವರು ನೀವೇ ಅಲ್ಲೇನ್ರಿ?"

"ಇಲ್ಲ ಶರಣಮ್ಮ, ಅದು ಹಳೇ ಸಿನಿಮಾದ್ದು."

"ಯವ್ವಾ! ಹಳೇ ಸಿನಿಮಾದಾಗ ನಮ್ಮ ಪ್ರಲ್ಹಾದ ಸಾಹೇಬ್ರು ಹ್ಯಾಂಗ ಬಂದ್ರರಿ? ಆಗಿನ್ನೂ ಅವರು ಹುಟ್ಟಿದ್ದಿಲ್ಲ." ಅವಳು ನಲ್ಲಿ ಜೋರಾಗಿ ಬಿಟ್ಟಳು, ನಗು ಹೊರಗೆ ಕೇಳಬಾರದೆಂದು. "ನಾ ಯಾರ ಮುಂದೂ ಹೇಳೂದಿಲ್ಲ. ಆದ್ರ ಒಂದು ಷರತ್ತರಿ. ನಂದೂ ಒಂದು ನುಡಿ ಅದ, ಹಾಕ್ಕೋಬೇಕು."

ಅಲ್ಲೇ, ಸಿಂಕಿನ ಮೇಲೆ ಚಮಚ ಬಡಿಯುತ್ತ ಹಾಡಿದಳು:

ನೂರಾ ಒಂದು ಕಪ್ಪ ಚಾದ್ದು ತೊಳದೆನಲ್ಲೊ
ಒಂದರಾಗರ ನನಗ ಸಕ್ರಿ ಹಾಕಿದಿಯೇನಲ್ಲೊ!

ನನಗಿಂತ ಚೆನ್ನಾಗಿತ್ತು. ಅವತ್ತು ಬಸ್ಸಿನಲ್ಲಿ ಅದನ್ನೂ ಹಾಡಿದೆ. ಕಪ್ಪು, ಚಾ, ಸಕ್ಕರೆ ಎಲ್ಲ ಅವರಿಗೆ ತಿಳಿಯುವ ಪದಗಳು. ಪ್ರೇಮಗೀತೆಯಲ್ಲಿ ಚಹಾ ಯಾಕೆ ಬಂತು ಎಂದು ಸ್ವಪ್ನಿಲ್ ಕೇಳಿದ. ನಾಯಕನ ಮನೆಯವರು ನೋಡಲು ಬಂದಿರುತ್ತಾರೆ ಎಂದೆ.

"ಆದ್ರೆ ನಾಯಕ ಬರೋದಿಲ್ಲ ಅಂದಿದ್ರಿ."

"ಮನೆಯವರು ಮಾತ್ರ ಬರ್ತಾರೆ."

"ಎಂಥಾ ಕಥೆ!" ಎಂದ ಅವನು. "ಅಂಥಾ ಸಿನಿಮಾನೇ ಸುಡಬೇಕಿತ್ತಾ?"

ಫೆಬ್ರವರಿಯಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನದ ನೋಟೀಸು ಬಂತು. ಮಾರ್ಚಿ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ. ನಮ್ಮ ವಿಭಾಗದ ಹಾಡು ಯಾವುದು ಎಂದು ಯಾರೂ ಕೇಳಲೇ ಇಲ್ಲ, ಅದು ನಿರ್ಧಾರವಾದಂತೆಯೇ ಇತ್ತು. ಹನ್ನೆರಡು ಜನರ ಮೇಳ. ಮುಖ್ಯ ಗಾಯಕ ಯಾರು ಎಂಬಲ್ಲಿ ಪ್ರಲ್ಹಾದ ಸರ್ ಗಂಟಲು ಸರಿ ಮಾಡಿಕೊಂಡರು. ಕಾಲೇಜಿನಲ್ಲಿ ಅವರಿಗೆ ಹಾಡಿಗೆ ಬಹುಮಾನ ಬಂದಿತ್ತಂತೆ.

ಅಂದಿನಿಂದ ದಿನಾ ಐದೂ ಐವತ್ತಕ್ಕೆ ಅವರು ನೇರ ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲತೊಡಗಿದರು. "ಮುಕ್ತಾ, ಫಕ್ತ ಪಾಚ ಮಿನಿಟ. ಉಚ್ಚಾರ ನೋಡೋಣ."

ನೀವೇ ಊಹಿಸಿಕೊಳ್ಳಿ. ಗಾಜಿನ ಕೋಣೆ, ಆರು ಗಂಟೆ, ಎದುರಿಗೆ ನಾನು, ನನ್ನನ್ನು ತಡೆದಿಟ್ಟ ಮನುಷ್ಯ ಕಣ್ಣು ಮುಚ್ಚಿಕೊಂಡು "ಘಂಟಿ ಆರಾತು, ಬಿಡವಲ್ಲಿ ಯಾಕಲ್ಲೊ" ಎಂದು ನನ್ನನ್ನೇ ಕೇಳುತ್ತಿದ್ದಾರೆ.

"ಈ 'ಗಡ್ಡ' ಎಂಬಲ್ಲಿ ಭಾವ ಯಾವುದು?" ಎಂದರು.

"ವಿರಹ ಸರ್," ಎಂದೆ.

ಅವರು ಎದೆಯ ಮೇಲೆ ಕೈಯಿಟ್ಟು, ಮುಖ ಮೇಲೆತ್ತಿ, ಯಾರೋ ದೂರದಲ್ಲಿ ಹೋಗುತ್ತಿರುವವರನ್ನು ಕರೆದ ಹಾಗೆ "ಗಡ್ಡ..." ಎಂದು ಎಳೆದರು. ಹೊರಗೆ ಬಕೆಟ್ಟು ಬಿದ್ದ ಸದ್ದಾಯಿತು. ಶರಣಮ್ಮ ಗಾಜಿನಾಚೆ ಒರೆಸುವ ಕೋಲನ್ನು ತಬ್ಬಿ ನೆಲದ ಮೇಲೆ ಕೂತುಬಿಟ್ಟಿದ್ದಳು.

ಎಲ್ಲ ಹೀಗೆಯೇ ನಡೆದು ಮುಗಿದುಹೋಗಬಹುದಿತ್ತು. ಆದರೆ ಸಮ್ಮೇಳನಕ್ಕೆ ನಾಲ್ಕು ದಿನ ಇರುವಾಗ, ಅಪರೂಪಕ್ಕೆ ನನಗೆ ಬಸ್ಸು ಸಿಕ್ಕ ಸಂಜೆ, ಸ್ವಪ್ನಿಲ್ ನನ್ನ ಪಕ್ಕ ಕೂತ. ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಾಈ, ಖುಷಿಯ ಸುದ್ದಿ! ಮುಖ್ಯ ಅತಿಥಿ ಮುಂಬೈಯಿಂದ ಕೃಷ್ಣಾಜಿ ಸರ್. ನಮ್ಮ ಡೈರೆಕ್ಟರು. ಅವರು ನಿಮ್ಮ ಕಡೆಯವರೇ ಅಂತೆ, ಬೆಳಗಾವಿ! ಹಾಡು ಕೇಳಿ ಎಷ್ಟು ಸಂತೋಷ ಆಗಬಹುದು ಹೇಳಿ!"

ಮೊದಲ ಸಾಲಿನಲ್ಲಿ ಕೂತ ಡೈರೆಕ್ಟರಿಗೆ ಪ್ರತಿ ಪದ ತಿಳಿಯುತ್ತದೆ. ಪ್ರಲ್ಹಾದ ಸರ್ ತಮ್ಮ ಬಾಯಿಂದಲೇ ತಮ್ಮ ಮಾನ ಕಳೆದುಕೊಳ್ಳುತ್ತಾರೆ, ಅದೂ ಎದೆಯ ಮೇಲೆ ಕೈಯಿಟ್ಟು. ಆಮೇಲೆ ಯಾರು ಕಲಿಸಿದ್ದು ಎಂದು ಕೇಳುತ್ತಾರೆ. ಮಾರ್ಚಿ ಮೂವತ್ತೊಂದು. ಹಳದಿ ಪಟ್ಟಿ. ಮನೆ.

ಬೇರೆ ಸಾಲು ಬರೆದು ನೋಡಿದೆ. ಬೆಳದಿಂಗಳು, ಮಲ್ಲಿಗೆ ಎಲ್ಲ ಹಾಕಿ. ಆದರೆ ಹನ್ನೆರಡು ಜನ ಹಳೆಯದನ್ನು ನಿದ್ದೆಯಲ್ಲೂ ಹಾಡುವಂತಾಗಿದ್ದರು. ಗಂಡ ಋಷಿಕೇಶನಿಗೆ ಎಲ್ಲ ಹೇಳಿದೆ. ಅವನಿಗೆ ನಕ್ಕು ನಕ್ಕು ಚಪಾತಿ ಗಂಟಲಿಗೆ ಸಿಕ್ಕಿತು.

"ಆವತ್ತ ರಜಾ ಹಾಕಿಬಿಡು," ಎಂದ ನೀರು ಕುಡಿದು.

"ನಾ ರಜಾ ಹಾಕಿದ್ರ ಹಾಡು ರಜಾ ಹಾಕತದೇನು?"

ಶರಣಮ್ಮನೇ ಕೊನೆಗೆ ಹೇಳಿದ್ದು. ಶುಕ್ರವಾರ ಚಹಾ ಕೊಡುವಾಗ, ಈ ಸಲ ನಗದೆ: "ಹೇಳಿಬಿಡ್ರಿ ಅಕ್ಕಾರ. ನನಗ ನಕ್ಕ ನಕ್ಕ ಹೊಟ್ಟಿ ನೋಯ್ತದ, ಖರೇ. ಆದ್ರ ಆ ಮನಷ್ಯಾ ಮನಸಿಟ್ಟು ಹಾಡ್ತಾನ್ರಿ. ಮಂದ್ಯಾಗ ಹಂಗ ನಿಂದ್ರಸಬಾರದು."

ಆ ಸಂಜೆ ಐದೂ ನಲವತ್ತೆಂಟಕ್ಕೆ ನಾನೇ ಎದ್ದೆ. ಅವರು ಹೊರಗೆ ಬರುವ ಮೊದಲೇ ಗಾಜಿನ ಬಾಗಿಲು ದೂಡಿ ಹೇಳಿದೆ: "ಸರ್, ಫಕ್ತ ಪಾಚ ಮಿನಿಟ."

ಹೊರಗೆ ಎಲ್ಲರ ಜಿಪ್ಪುಗಳೂ ಅರ್ಧಕ್ಕೆ ನಿಂತವು.

ಹೇಳಿದೆ. ಸಿನಿಮಾ ಇಲ್ಲ, ರೀಲು ಇಲ್ಲ, ನಾಯಕಿ ಇಲ್ಲ. ಸಾಲುಸಾಲಾಗಿ ಮರಾಠಿಯಲ್ಲಿ ಅರ್ಥ ಹೇಳಿದೆ, ಪದ ಪದ ನೋಡಿ, ಒಂದನ್ನೂ ಮೆದು ಮಾಡದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು, ಒರೆಸುತ್ತಿರಲಿಲ್ಲ.

"ಗಡ್ಡ ಅಂದ್ರೆ?" ಎಂದರು.

"ದಾಢೀ, ಸರ್."

ಅವರ ಕೈ ತಾನಾಗಿಯೇ ನುಣ್ಣಗಿನ ಗದ್ದಕ್ಕೆ ಹೋಯಿತು. "ನಾನು ಎದೆ ಮುಟ್ಟಿಕೊಳ್ತಿದ್ದೆನಲ್ಲ."

"ಹೌದು ಸರ್."

"ವಿರಹ ಅಂದಿದ್ರಿ."

"ಅಂದಿದ್ದೆ ಸರ್."

ಆಗಲೇ ಅವರ ಫೋನು ರಿಂಗಾಯಿತು. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಏನು ತೋಚಿತೋ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು. ದಪ್ಪ ದನಿಯೊಂದು ಮರಾಠಿಯಲ್ಲಿ ಹೇಳಿತು: "ಪ್ರಲ್ಹಾದ, ಮನೆಗೆ ಹೊರಟಿಲ್ಲ ತಾನೇ? ಫಕ್ತ ಪಾಚ ಮಿನಿಟ."

ಕೃಷ್ಣಾಜಿ ಸರ್. ಮುಂಬೈಯಿಂದ. ಅಂಕಿಸಂಖ್ಯೆ ಕೇಳಿದರು, ಪಟ್ಟಿ ಕೇಳಿದರು, ಇವತ್ತೇ ಬೇಕು ಎಂದರು. ಪ್ರಲ್ಹಾದ ಸರ್ "ಹೋ ಸರ್, ಹೋ ಸರ್" ಅನ್ನುತ್ತಿದ್ದರು. ಆ ನಗು, ಆ ದನಿ. ನನ್ನನ್ನೇ ಕನ್ನಡಿಯಲ್ಲಿ ನೋಡಿದ ಹಾಗಾಯಿತು. ಗೋಡೆ ಗಡಿಯಾರದ ಮುಳ್ಳುಗಳು ಆರಕ್ಕೆ ನೆಟ್ಟಗೆ ನಿಂತಾಗ ಅವರು ಫೋನಿನ ಮೇಲೆ ಅಂಗೈ ಮುಚ್ಚಿ, ನನ್ನ ಕಡೆ ಬಾಗಿ, ಪಿಸುದನಿಯಲ್ಲಿ, ಧಾರವಾಡದಲ್ಲೂ ತಪ್ಪು ಹಿಡಿಯಲಾಗದ ಉಚ್ಚಾರದಲ್ಲಿ ಹೇಳಿದರು: "ಘಂಟಿ ಆರಾತು."

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಕರೆ ಮುಗಿದ ಮೇಲೆ ಅವರು ಡ್ರಾಯರಿನಿಂದ ಒಂದು ಲಕೋಟೆ ತೆಗೆದರು. "ಇದು ನಿಮ್ಮ ಕಾಯಂ ಪತ್ರ. ನಾನು ಸಹಿ ಮಾಡಿ ಸೋಮವಾರವೇ ಆಯಿತು. ಇನ್ನೊಂದು ಸಹಿ ಅವರದು. ನಾಳೆ ಸಮ್ಮೇಳನ ಮುಗಿದ ಮೇಲೆ ಹಾಕಿಸಿಕೊಳ್ಳೋಣ ಅಂತಿದ್ದೆ." ಲಕೋಟೆಯನ್ನು ನಮ್ಮಿಬ್ಬರ ನಡುವೆ ಇಟ್ಟರು. "ಹಾಡು ನನ್ನ ಮೇಲಿನದು ಅಂತ ತಿಳಿದು ನೀವು ಕಟ್ಟಿದ್ದು. ನನಗೇನೋ ಇದು ನನ್ನದೇ ಹಾಡು ಅನಿಸ್ತಿದೆ. ಅವರ ಎದುರು ಹಾಡಬೇಕು ಅಂತಲೂ ಅನಿಸ್ತಿದೆ. ಆದರೆ ಹೋದರೆ ನಿಮ್ಮ ನೌಕರಿ ಹೋಗೋದು. ನೀವೇ ಹೇಳಿ, ಹಾಡಲೋ ಬೇಡವೋ?"

ಬೇಡ ಎನ್ನುವುದು ಸುಲಭ. ನಾನು ಇಡೀ ಆಯುಷ್ಯ ಬೇಡ ಎಂದೇ ಬಂದವಳು. ಕುದಿಯುವ ಹಾಲಿನ ಪಕ್ಕ ನಿಂತು ಕಾಯುವವಳು, ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವವಳು. ಕೆಳಗೆ ಆರೂ ಹತ್ತರ ಬಸ್ಸು ಹಾರ್ನ್ ಹೊಡೆಯಿತು. ಹೋಗಲಿಲ್ಲ. ಮತ್ತೆ ಹೊಡೆಯಿತು. ಸ್ವಪ್ನಿಲ್ ಡ್ರೈವರನ್ನು ತಡೆದು ನಿಲ್ಲಿಸಿದ್ದ. ಇಡೀ ಬಸ್ಸು ನನಗಾಗಿ "ಲ್ಲೊ" ಎಂದು ಕೂಗುತ್ತಿರುವುದು ನಾಲ್ಕನೇ ಮಹಡಿಗೆ ಕೇಳುತ್ತಿತ್ತು.

"ಹಾಡಿ ಸರ್," ಎಂದೆ. "ಆದರೆ 'ಗಡ್ಡ'ಕ್ಕೆ ವಿರಹ ಬೇಡ."

ಶನಿವಾರ ಮುನ್ನೂರು ಜನ. ಕೃಷ್ಣಾಜಿ ಸರ್ ಮೊದಲ ಸಾಲಿನ ಸೋಫಾದಲ್ಲಿ, ಕೊರಳಲ್ಲಿ ಹಾರ, ದೊಡ್ಡ ಆಳು. ಅವರಿಗೆ ಲಕೋಟೆ ಕಾಣದಂತೆ ಪ್ರಲ್ಹಾದ ಸರ್ ಅದನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ನಾನು ಪಕ್ಕದ ಗೋಡೆಗೆ ಆತುಕೊಂಡು ಡೈರೆಕ್ಟರ ಮುಖ ಮಾತ್ರ ನೋಡುತ್ತಿದ್ದೆ.

ಮೊದಲ ಸಾಲಿಗೆ ಆ ಮುಖ ಅರಳಿತು. ಪುಣೆಯಲ್ಲಿ ಕನ್ನಡ! ಎರಡನೆಯ ಸಾಲಿಗೆ ಅರಳಿದ್ದು ಅಲ್ಲೇ ನಿಂತಿತು. "ಐದ ನಿಮಿಷ, ಐದ ನಿಮಿಷ" ಎನ್ನುತ್ತ ಪ್ರಲ್ಹಾದ ಸರ್ ಸಭೆಗೆಲ್ಲ ತಿಳಿಯುವಂತೆ ಐದು ಬೆರಳೆತ್ತಿ ಕೈಗಡಿಯಾರ ತಟ್ಟಿದಾಗ ಡೈರೆಕ್ಟರು ಸೋಫಾದ ಕೈಯಿಂದ ತಮ್ಮ ಕೈ ತೆಗೆದರು. ನಾಲ್ಕನೆಯದಕ್ಕೆ ಪ್ರಲ್ಹಾದ ಸರ್ ವೇದಿಕೆಯ ಅಂಚಿಗೆ ಬಂದು, ನೇರ ಅವರನ್ನೇ ನೋಡುತ್ತ, ಗದ್ದದಿಂದ ಹೊಕ್ಕುಳ ತನಕ ಇಲ್ಲದ ಗಡ್ಡವೊಂದನ್ನು ನಿಧಾನವಾಗಿ ನೀವಿಕೊಂಡರು. "ಗಡ್ಡ ಬಂತಲ್ಲೊ!" ಸಭೆಯೆಲ್ಲ "ಲ್ಲೊ" ಎಂದಿತು. ಡೈರೆಕ್ಟರು ಮಾತ್ರ ಕಲ್ಲಿನಂತೆ.

ಆಗ ಹಿಂದಿನ ಬಾಗಿಲಿನಿಂದ ಒಂದು ನಗು ಬಂತು. ಎರಡು ತಿಂಗಳು ಸೆರಗಿನಲ್ಲಿ ಕಟ್ಟಿಟ್ಟಿದ್ದ ನಗು. ಕೃಷ್ಣಾಜಿ ಸರ್ ತಿರುಗಿದರು.

"ಯಾವೂರಾಕಿ ನೀ?" ಕನ್ನಡದಲ್ಲಿ ಗುಡುಗಿದರು.

"ಯಾದಗಿರಿ ಕಡ್ಯಾಕಿರಿ ಸಾಹೇಬ್ರ," ಎಂದಳು ಶರಣಮ್ಮ, ಕಣ್ಣೊರೆಸಿಕೊಳ್ಳುತ್ತ.

"ಇಷ್ಟ್ಯಾಕ ನಗಲಿಕ್ಕತ್ತೀ?"

"ತಮಗ ತಿಳೀಲಿಲ್ಲೇನ್ರಿ? ಗಡ್ಡ ಬಂದದಂತರಿ, ಗಡ್ಡ!"

ಹಾರದ ಹೂವುಗಳು ಮೊದಲು ಅಲುಗಿದವು. ಆಮೇಲೆ ಹೊಟ್ಟೆ. ಆಮೇಲೆ ಸೋಫಾ. ಡೈರೆಕ್ಟರು ನಕ್ಕರೆ ನಗಬೇಕು ಎಂದು ಇಡೀ ಸಭೆ ನಕ್ಕಿತು. ನಾನು ಮಾತ್ರ ನಗಲಿಲ್ಲ. ಕೆಲವರು ನಕ್ಕ ಮೇಲೆ ಸಿಟ್ಟಾಗುತ್ತಾರೆ.

ಅವರು ಕಣ್ಣು ಒರೆಸುತ್ತ ವೇದಿಕೆಗೆ ಹತ್ತಿ ಮೈಕು ಹಿಡಿದರು. ರೂಢಿಯಂತೆ ಮರಾಠಿಯಲ್ಲಿ ಶುರು ಮಾಡಿದರು: "ಬಂಧು ಭಗಿನಿಯರೇ, ಹೆಚ್ಚು ಮಾತಾಡೋದಿಲ್ಲ. ಫಕ್ತ ಪಾಚ ಮಿನಿಟ..."

ತಮ್ಮ ಬಾಯಿಂದ ಏನು ಬಂತು ಎಂದು ಅವರಿಗೇ ಕೇಳಿಸಿತು. ಅಷ್ಟರಲ್ಲಿ ತಡವಾಗಿತ್ತು. ಮುನ್ನೂರು ಜನ, ಹೋಲ್ಡಿನ ಧಾಟಿಯಲ್ಲಿ, ಛಾವಣಿ ಹಾರಿಹೋಗುವಂತೆ:

ಐದ ನಿಮಿಷ, ಐದ ನಿಮಿಷ, ಅಂತೀಯಲ್ಲೊ!

ಆ ವರ್ಷದ ಮುಖ್ಯ ಅತಿಥಿಯ ಭಾಷಣ ಎರಡೂವರೆ ನಿಮಿಷದಲ್ಲಿ ಮುಗಿಯಿತು. ಕಂಪನಿಯ ಚರಿತ್ರೆಯಲ್ಲಿ ಅದು ಮೊದಲು ಎಂದು ಹಳಬರು ಹೇಳುತ್ತಾರೆ.

ಕೆಳಗಿಳಿದು ಅವರು ಕೇಳಿದ್ದು ಒಂದೇ: "ಈ ಹಾಡು ಎಲ್ಲಿಯದು?"

"ಹಳೇ ಸಿನಿಮಾದ್ದು ಸರ್," ಎಂದ ಸ್ವಪ್ನಿಲ್ ಹೆಮ್ಮೆಯಿಂದ. "ರೀಲು ಸುಟ್ಟುಹೋಗಿವೆ."

"ಬೆಳಗಾವ್ಯಾಗ ಕಾಲೇಜ ತಪ್ಪಿಸಿ ನಾ ನೋಡಲಾರದ ಕನ್ನಡ ಸಿನಿಮಾ ಇಲ್ಲ. ಹಿಂಥಾ ಹಾಡು ಯಾವುದ್ರಾಗೂ ಇಲ್ಲ."

ಸ್ವಪ್ನಿಲ್ ನನ್ನ ಕಡೆ ತಿರುಗಿದ. ಪ್ರಲ್ಹಾದ ಸರ್ ಏನೋ ಹೇಳಲು ಬಾಯಿ ತೆರೆದರು. ಅದಕ್ಕೆ ಮೊದಲು ನಾನು ಮುಂದೆ ಬಂದೆ. ವಿಷಾದ ಎಂಬ ಪದ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು.

"ನಾನೇ ಕಟ್ಟಿದ್ದು ಸರ್. ಕ್ಷಮಿಸಬೇಕು."

ಅವರು ನನ್ನ ಹಳದಿ ಪಟ್ಟಿಯ ಕಾರ್ಡು ನೋಡಿದರು. "ಧಾಟಿ?"

"ನಮ್ಮ ಕಂಪನೀದೇ ಸರ್. ಫೋನ್ ಹೋಲ್ಡಿಗೆ ಹಾಕಿದಾಗ ಬರತದಲ್ಲ, ಅದು."

"ಅಯ್ಯ! ಅದನ್ನ ಆರಿಸಿದಾಂವ ನಾನಽ ಅಲ್ಲೇನು!" ಅವರು ಪ್ರಲ್ಹಾದ ಸರ್ ಕಡೆ ಕೈಚಾಚಿದರು. "ಕೊಡ್ರಿ, ಒಬ್ಬಾಕೀನ ಕಾಯಂ ಮಾಡ್ಲಿಕ್ಕೆ ಸಹಿ ಬೇಕು ಅಂದಿದ್ರೆಲ್ಲ, ಎಲ್ಲಿ ಅದ ಆ ಕಾಗದ? ಜೇಬಿನಾಗಿಂದ ಆಗಲಿಂದ ಇಣಕಿ ಹಾಕಲಿಕ್ಕತ್ತದ."

ಲಕೋಟೆ ತೆರೆದು, ಕಾಗದವನ್ನು ಪ್ರಲ್ಹಾದ ಸರ್ ಬೆನ್ನಿನ ಮೇಲೆ ಇಟ್ಟು, ಸಹಿ ಮಾಡುವ ಮೊದಲು ನನಗೆ ತೋರಿಸಿದರು. "ನೀ ಅಕ್ಷರದಾಕಿ. ಇಲ್ಲಿ ಕೆಲಸದ ವ್ಯಾಳ್ಯಾ ಅಂತ ಏನ ಬರದದ, ಓದು."

"ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು."

ಅವರು ಆರರ ಕೆಳಗೆ ಎರಡು ಗೆರೆ ಎಳೆದರು. ಪೆನ್ನಿನ ಒತ್ತಡಕ್ಕೆ ಪ್ರಲ್ಹಾದ ಸರ್ "ಆಯ್" ಎಂದರು. ಆಮೇಲೆ ಸಹಿ.

ಸೋಮವಾರ ನೀಲಿ ಪಟ್ಟಿಯ ಕಾರ್ಡು ಬಂತು. ಅದನ್ನು ಬಾಗಿಲಲ್ಲಿ ಎರಡು ಸಲ ತೋರಿಸಿದೆ, ಮೊದಲನೆಯದು ಹಿಡಿಯಿತೋ ಇಲ್ಲವೋ ಎಂದು. ಐದೂ ನಲವತ್ತೈದಕ್ಕೆ ಗಾಜಿನ ಕೋಣೆಯ ಫೋನಿಗೆ ಎಲ್ಲರೂ ಕಿವಿಗೊಟ್ಟೆವು. ಅದು ಸುಮ್ಮನಿತ್ತು. ಐದೂ ಐವತ್ತಕ್ಕೆ ಪ್ರಲ್ಹಾದ ಸರ್ ಕನ್ನಡಕ ಒರೆಸುತ್ತ ಹೊರಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಇಡೀ ಮಹಡಿ ಮೆಲ್ಲಗೆ "ಲ್ಲೊ" ಎಂದು ಗುನುಗಿತು.

"ಇಲ್ಲ, ಇಲ್ಲ," ಎಂದರು ಅವರು. "ಬಸ್ಸಿನಲ್ಲಿ ಒಂದು ಸೀಟು ಇದೆಯಾ ಅಂತ ಕೇಳೋಣ ಅಂತ."

ಅವರಿಗೆ ಮುಂದಿನ ಅರ್ಧದಲ್ಲಿ ಸೀಟು ಸಿಕ್ಕಿತು. ಹತ್ತೇ ನಿಮಿಷದಲ್ಲಿ ಆ ಪಕ್ಷದ ನಾಯಕರಾಗಿಬಿಟ್ಟರು. ನಾಗಪುರದ ಬಹುಮಾನ ಸುಳ್ಳಾಗಿರಲಿಲ್ಲ. ನಮ್ಮನ್ನು ಮೂಲೆಗೆ ಒತ್ತಿ, ಕೊನೆಗೆ ಬೇಕೆಂತಲೇ ಠ ಕೊಟ್ಟು, ಹಿಂದೆ ತಿರುಗಿ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಮುಂದಿನವರು ಸೀಟಿನ ಬೆನ್ನು ಬಡಿಯುತ್ತ ಎಣಿಸತೊಡಗಿದರು. ಎಂಟು, ಏಳು, ಆರು. ಹಿಂದಿನ ಅರ್ಧ ಬಸ್ಸು ನನ್ನ ಕಡೆ ತಿರುಗಿತು.

"ತಾಈ, ಇದೆಯಾ?" ಎಂದ ಸ್ವಪ್ನಿಲ್.

"ಇದೆ."

"ಸಿನಿಮಾದ್ದಾ?"

"ಸಿನಿಮಾದ್ದೇ. ಕಪ್ಪು ಬಿಳುಪು."

ಬಸ್ಸಿನ ಎರಡೂ ಅರ್ಧ ಒಟ್ಟಿಗೆ ಕೂಗಿದವು: "ಖರಂಚ?"

"ಖರಂಚ," ಎಂದೆ.

ಬಸ್ಸು ಸ್ವಾರಗೇಟ್ ದಾಟುತ್ತಿತ್ತು. ಠ ದಿಂದ ಏನು ಶುರುವಾಗುತ್ತದೆ ಎಂದು ನನಗಿನ್ನೂ ಗೊತ್ತಿರಲಿಲ್ಲ. ಎರಡು ಎಂದರು. ಒಂದು ಎನ್ನುವ ಮೊದಲು ಬಾಯಿ ತೆರೆದೆ.